ಗದಗಿನ ಟಾಂಗಾ, ಮುಂಡರಗಿಯ ಮೋಟಾರು

ಗದಗಿನಲ್ಲಿ ‘ಟಾಂಗಾ ಕೂಟ’ ಎಂದರೆ ಇವತ್ತಿಗೂ ಒಂದು ವಿಳಾಸ. ಅಂಗಡಿಗಳ ಬೋರ್ಡಿನ ಮೇಲೆ, ಪತ್ರಿಕೆಗಳ ಸುದ್ದಿಯಲ್ಲಿ, ಆಟೋದವರ ಬಾಯಲ್ಲಿ ಆ ಹೆಸರು ಹಾಗೇ ಉಳಿದಿದೆ. ಊರೊಳಗಿನ ಓಡಾಟವೆಲ್ಲ ಕುದುರೆಯ ಕಾಲಿನ ಮೇಲೆ ನಡೆಯುತ್ತಿದ್ದ ದಿನಗಳ ಗುರುತು ಅದು. ಮೋಟಾರು ಬಂತು, ಟಾಂಗಾ ಹೋಯಿತು ಎಂದು ಈ ಇತಿಹಾಸವನ್ನು ಒಂದೇ ಮಾತಿನಲ್ಲಿ ಮುಗಿಸುವವರು ಬಹಳ. ಗದಗ ಸೀಮೆಯ ಮಟ್ಟಿಗೆ ಅದು ಅರ್ಧ ಸತ್ಯ. ಇಲ್ಲಿ ಟಾಂಗಾಕ್ಕೆ ಅನ್ನ ಕೊಟ್ಟದ್ದು ಉಗಿಬಂಡಿ. ಮೋಟಾರು ಬಂದ ಮೇಲೂ ಟಾಂಗಾ ದಶಕಗಟ್ಟಲೆ ಬಾಳಿತು.

ರೈಲು ಬರುವ ಮುಂಚೆ ಈ ಸೀಮೆಯ ದಾರಿಗಳೆಲ್ಲ ಎತ್ತಿನವು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1861ರಿಂದ 1865ರ ನಡುವೆ, ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಅರಳೆ ನಿಂತುಹೋದಾಗ ಧಾರವಾಡ ಜಿಲ್ಲೆಯ ಹತ್ತಿಗೆ ಚಿನ್ನದ ಬೆಲೆ ಬಂತು. ಆ ಹತ್ತಿ ಹೆಚ್ಚಾಗಿ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಎರೆಭೂಮಿಯ ಸ್ವಭಾವ ಬಲ್ಲವರಿಗೆ ಇಲ್ಲಿ ಎತ್ತೇ ಏಕೆ ಬೇಕಿತ್ತೆಂದು ಹೇಳಬೇಕಾಗಿಲ್ಲ. ನಾಲ್ಕು ಹನಿ ಬಿದ್ದರೆ ಸಾಕು, ಕರಿಮಣ್ಣು ಗಾಲಿಗೆ ಮೆತ್ತಿಕೊಂಡು ಬಂಡಿ ಕದಲದಂತೆ ಮಾಡುತ್ತದೆ. ಅಂಥ ಕೆಸರಿನಲ್ಲಿ ಹೆಗಲು ಕೊಟ್ಟು ಎಳೆಯುವ ತಾಳ್ಮೆ ಎತ್ತಿಗಿದೆ. ಕುದುರೆಗೆ ಬೇಕಾದದ್ದು ಖಡಿ ಹಾಕಿದ ಗಟ್ಟಿ ರಸ್ತೆ.

ಆ ಗಟ್ಟಿ ರಸ್ತೆ, ಅದರ ಮೇಲೆ ದಿನಾಲೂ ಓಡಾಡುವ ಜನ, ಎರಡನ್ನೂ ಒದಗಿಸಿದ್ದು ರೈಲು. 1884ರಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜ್ ಹಳಿ ಹೊಟಗಿಯಿಂದ ಗದಗಿಗೆ ಬಂತು. ಅತ್ತ ಹುಬ್ಬಳ್ಳಿ, ಇತ್ತ ಬಳ್ಳಾರಿಯ ಕಡೆಗೂ ಹಳಿಗಳು ಕೂಡಿಕೊಂಡು ಗದಗ ಜಂಕ್ಷನ್ ಆಯಿತು. ಹತ್ತಿಯ ಬೀಜ ಬಿಡಿಸುವ, ಅರಳೆ ಒತ್ತುವ ಕಾರಖಾನೆಗಳು ಎದ್ದವು, ನೂಲಿನ ಗಿರಣಿ ಬಂತು. 1901ರ ಜನಗಣತಿಯ ಹೊತ್ತಿಗೆ ಊರಿನ ಜನಸಂಖ್ಯೆ 30,652. ಗದಗ ಮತ್ತು ಬೆಟಗೇರಿ ಅವಳಿ ಊರುಗಳು. 1859ರಲ್ಲೇ ಎರಡಕ್ಕೂ ಒಂದೇ ಪುರಸಭೆ ಬಂದಿತ್ತು. ಒಂದು ಕಡೆ ಪೇಟೆ, ವೀರನಾರಾಯಣ ಮತ್ತು ತ್ರಿಕೂಟೇಶ್ವರ ಗುಡಿಗಳು, ತೋಂಟದಾರ್ಯ ಮಠ. ಇನ್ನೊಂದು ಕಡೆ ಬೆಟಗೇರಿಯ ನೇಕಾರರ ಓಣಿಗಳು. ಹೊಳೆಆಲೂರು, ಕೊಪ್ಪಳದ ಕಡೆಯಿಂದ ರೈಲಿಳಿದವರು ಗಂಟುಮೂಟೆ, ಮಕ್ಕಳುಮರಿ ಕಟ್ಟಿಕೊಂಡು ಊರೊಳಗೆ ಹೋಗಬೇಕು. ನಡೆದು ಹೋಗಲು ದೂರ, ಚಕ್ಕಡಿ ಹೂಡಲು ಹತ್ತಿರ. ಟಾಂಗಾದ ಜಾಗ ಇದೇ.

ಟಾಂಗಾ ಹಗುರವಾದ ಎರಡು ಗಾಲಿಯ ಗಾಡಿ. ಸೀಟುಗಳು ಬೆನ್ನಿಗೆ ಬೆನ್ನು. ಮುಂದೆ ಹೊಡೆಯುವವನ ಪಕ್ಕದಲ್ಲಿ ಒಬ್ಬಿಬ್ಬರು, ಹಿಂದೆ ಕಾಲು ಇಳಿಬಿಟ್ಟು ಹೋದ ದಾರಿಯನ್ನೇ ನೋಡುತ್ತ ಕೂಡುವವರು ಇಬ್ಬರು. ತಲೆಯ ಮೇಲೊಂದು ಛತ್ತು, ಎರಡೂ ಬದಿಗೆ ಕಂದೀಲು, ಕುದುರೆಯ ಕಣ್ಣಿಗೆ ಚರ್ಮದ ಪಟ್ಟಿ. ಕೆಲಸದ ಗುಟ್ಟೆಲ್ಲ ತೂಕದಲ್ಲಿ ಇತ್ತು. ಹಿಂದೆ ಭಾರ ಹೆಚ್ಚಾದರೆ ಗಾಡಿಯ ಕೋಲು ಮೇಲೆದ್ದು ಹೊಟ್ಟೆಪಟ್ಟಿ ಕುದುರೆಯನ್ನು ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ಭಾರವೆಲ್ಲ ಅದರ ಬೆನ್ನಿಗೆ. ಅದಕ್ಕೇ ನುರಿತ ಟಾಂಗಾದವನು ಸವಾರಿ ಹತ್ತಿಸುವಾಗ ಮೊದಲು ಮೈಕಟ್ಟು ನೋಡುತ್ತಿದ್ದ. ದಪ್ಪನವರನ್ನು ಮುಂದಕ್ಕೆ ಕರೆದು, ತೆಳ್ಳನವರನ್ನು ಹಿಂದೆ ಕೂಡಿಸಿ, ಟ್ರಂಕನ್ನು ಕಾಲಬುಡಕ್ಕೆ ತಳ್ಳಿ, ತಾನು ಒಂದು ಗೇಣು ಹಿಂದೆ ಮುಂದೆ ಸರಿದು ಗಾಡಿಯನ್ನು ಸಮ ಮಾಡಿಕೊಂಡ ಮೇಲೇ ಲಗಾಮು ಸಡಿಲಿಸುತ್ತಿದ್ದ.

ಈ ಬದುಕು ಸಲೀಸಿನದಲ್ಲ. ಸವಾರಿ ಸಿಗಲಿ ಬಿಡಲಿ, ಕುದುರೆಗೆ ಹೊತ್ತಿಗೆ ಸರಿಯಾಗಿ ಹುಲ್ಲು, ನೆನೆಸಿದ ಹುರಳಿ ಬೀಳಲೇಬೇಕು. ಖಡಿ ರಸ್ತೆಯಲ್ಲಿ ಓಡಿ ಲಾಳ ಸವೆದರೆ ನಾಲಬಂದನ ಹತ್ತಿರ ಹೋಗಬೇಕು. ಆತ ಗೊರಸು ಕೆತ್ತಿ, ಕಬ್ಬಿಣ ಬಡಿದು, ಮೊಳೆ ಹೊಡೆದುಕೊಡುವವನು. ಇಂದಿಗೂ ಹುಬ್ಬಳ್ಳಿ, ಧಾರವಾಡ, ಗದಗಿನ ಕಡೆ ನಾಲಬಂದ ಎಂಬುದು ಮನೆತನದ ಅಡ್ಡಹೆಸರು. ಉತ್ತರ ಕರ್ನಾಟಕದ ಊರುಗಳಲ್ಲಿ ಟಾಂಗಾ ಹೊಡೆಯುತ್ತಿದ್ದವರಲ್ಲಿ ಮುಸ್ಲಿಂ ಕುಟುಂಬಗಳೇ ಹೆಚ್ಚು. ಚರ್ಮದ ಸಾಮಾನು ಹೊಲಿಯುವವರು, ಗಾಲಿ ಕೂಡಿಸುವ ಬಡಿಗೇರರು, ಕಮಾನು ಪಟ್ಟಿ ಕಾಯಿಸುವ ಕಮ್ಮಾರರು, ಹುಲ್ಲಿನ ಹೊರೆ ಹೊತ್ತು ತರುವ ಹಳ್ಳಿಯ ಹೆಣ್ಣುಮಕ್ಕಳು, ಇಷ್ಟು ಜನರ ದುಡಿಮೆ ಒಂದೊಂದು ಟಾಂಗಾದ ಹಿಂದೆ ಇತ್ತು.

ದೊಡ್ಡ ಶಹರಗಳ ದಾರಿ ಬೇರೆ. ಮುಂಬೈಯಲ್ಲಿ 1874ರ ಮೇ 9ರಂದು ಕುದುರೆ ಎಳೆಯುವ ಟ್ರಾಮ್ ಶುರುವಾಯಿತು. 1907ರಲ್ಲಿ ವಿದ್ಯುತ್ ಟ್ರಾಮ್ ಬಂತು, 1926ರ ಜುಲೈ 15ರಂದು ಮೊದಲ ಮೋಟಾರು ಬಸ್ಸು ಓಡಿತು. ಲಂಡನ್ನಿನ ದೊಡ್ಡ ಬಸ್ ಕಂಪನಿ 1911ರಲ್ಲೇ ತನ್ನ ಕೊನೆಯ ಕುದುರೆ ಬಸ್ಸನ್ನು ನಿಲ್ಲಿಸಿತ್ತು. ಅಲ್ಲೆಲ್ಲ ಕುದುರೆಯೂ ಕಂಪನಿಯದೇ, ಮೋಟಾರೂ ಕಂಪನಿಯದೇ. ಆಡಳಿತ ಮಂಡಳಿ ತೀರ್ಮಾನಿಸಿದರೆ ಲಾಯ ಮುಚ್ಚಿ ಡಿಪೊ ತೆರೆಯುತ್ತಿತ್ತು. ಗದಗಿನಲ್ಲಿ ಕುದುರೆ ಒಬ್ಬನದು, ಮೋಟಾರು ಮತ್ತೊಬ್ಬನದು. ಇಬ್ಬರ ದಾರಿಯೂ ಬೇರೆ ಬೇರೆ.

ಮೋಟಾರಿನ ದಾರಿ ತಿಳಿಯಬೇಕಾದರೆ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳನ್ನು ನೋಡಬೇಕು. ಮೂರಕ್ಕೂ ರೈಲು ಬರಲಿಲ್ಲ. ಆಳಿಕೆಯೂ ಹರಿದು ಹಂಚಿಹೋಗಿತ್ತು: ಮುಂಡರಗಿ ಬ್ರಿಟಿಷರ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಲಕ್ಷ್ಮೇಶ್ವರದವರು ರೈಲು ಹಿಡಿಯಲು ಹುಬ್ಬಳ್ಳಿ–ಹರಿಹರ ಮಾರ್ಗದ ಯಲವಿಗಿಗೋ ಗುಡಗೇರಿಗೋ ಹೋಗಬೇಕು, ಇಲ್ಲವೇ ಸುಮಾರು 40 ಕಿಲೋಮೀಟರ್ ದೂರದ ಗದಗಿಗೆ. ಮುಂಡರಗಿಯಿಂದ ಗದಗಿಗೂ ಹೆಚ್ಚುಕಡಿಮೆ ಅಷ್ಟೇ ದೂರ, ಕಪ್ಪತಗುಡ್ಡವನ್ನು ಬದಿಗಿಟ್ಟುಕೊಂಡು ಡಂಬಳದ ಮೇಲೆ ದಾರಿ. ಇಷ್ಟು ದೂರ ಒಂದೇ ಕುದುರೆಯನ್ನು ಓಡಿಸಿಕೊಂಡು ಹೋಗಿ ಅದೇ ದಿನ ಮರಳುವ ಮಾತೇ ಇಲ್ಲ. ಚಕ್ಕಡಿಯಾದರೆ ರಾತ್ರಿಯಿಡೀ ಪ್ರಯಾಣ. ಶಿರಹಟ್ಟಿ ಫಕ್ಕೀರೇಶ್ವರ ಮಠದ ಜಾತ್ರೆಗೆ, ಲಕ್ಷ್ಮೇಶ್ವರದ ದೂದನಾನಾ ದರ್ಗಾದ ಉರುಸಿಗೆ ಜನ ಸವಾರಿ ಬಂಡಿಗೆ ಕೊಲ್ಲಾರಿ ಕಟ್ಟಿ, ರೊಟ್ಟಿಯ ಗಂಟಿನೊಡನೆ ಹೊರಡುತ್ತಿದ್ದರು.

ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಖಾಸಗಿ ಮೋಟಾರು ಸರ್ವಿಸುಗಳು ಹಿಡಿದದ್ದು ಇಂಥ ದಾರಿಗಳನ್ನೇ. 1928ರಲ್ಲಿ ಜನರಲ್ ಮೋಟರ್ಸ್ ಮುಂಬೈಯಲ್ಲಿ ಜೋಡಣೆಯ ಕಾರಖಾನೆ ತೆರೆದ ಮೇಲೆ ಷೆವರ್ಲೆ ಚಾಸಿಗಳು ಪ್ರಾಂತದೊಳಗೇ ಸಿಗತೊಡಗಿದವು. ಚಾಸಿ ತಂದು, ಊರ ಬಡಿಗೇರರಿಂದ ಕಟ್ಟಿಗೆಯ ಮೈ ಕಟ್ಟಿಸಿ, ಹಲಗೆಯ ಬೆಂಚು ಹಾಕಿದರೆ ಬಸ್ಸು ತಯಾರು. ಮುಂದಿನಿಂದ ಹ್ಯಾಂಡಲ್ ತಿರುವಿ ಇಂಜಿನ್ನಿಗೆ ಜೀವ ಕೊಡುವುದು ಕ್ಲೀನರನ ಕೆಲಸ. ಹೊರಡುವ ವೇಳೆ ಗಡಿಯಾರದ ಮೇಲಲ್ಲ, ಸೀಟು ತುಂಬುವುದರ ಮೇಲೆ. ಮಳೆಗಾಲದಲ್ಲಿ ಹಳ್ಳ ಬಂದರೆ ಈಚೆ ದಂಡೆಯಲ್ಲೇ ನಿಲ್ಲಬೇಕು. ಎರೆಯಲ್ಲಿ ಗಾಲಿ ಹುಗಿದರೆ ಎಳೆದು ತೆಗೆಯಲು ಮತ್ತೆ ಎತ್ತುಗಳೇ ಬರಬೇಕು. ಆದರೂ ಒಂದು ಹಗಲಿನಲ್ಲಿ ಹೋಗಿ, ಕೋರ್ಟಿನ ಕೆಲಸವನ್ನೋ ಸಂತೆಯನ್ನೋ ಮುಗಿಸಿ, ರಾತ್ರಿಯೂಟಕ್ಕೆ ಮನೆ ಸೇರುವುದು ಸಾಧ್ಯವಾಯಿತು. ಮುಂಡರಗಿಯ ರೈತನಿಗೆ ಇದು ಬಹು ದೊಡ್ಡ ಬದಲಾವಣೆ.

ಹೀಗೆ ಮೋಟಾರು ಕಸಿದದ್ದು ಚಕ್ಕಡಿಯ ದೂರದ ಸವಾರಿಯನ್ನು, ಟಾಂಗಾದ ಊರೊಳಗಿನ ಸವಾರಿಯನ್ನಲ್ಲ. ಗದಗಿನಲ್ಲಿ ಮೋಟಾರಿಳಿದವನಿಗೂ ಸ್ಟೇಷನ್ನಿಗೆ, ಪೇಟೆಗೆ, ಬೆಟಗೇರಿಗೆ ಹೋಗಲು ಟಾಂಗಾ ಬೇಕೇ ಬೇಕು. ಬಸ್ಸು ಹೆಚ್ಚಿದಂತೆ ಟಾಂಗಾದ ಸವಾರಿಯೂ ಹೆಚ್ಚಿತು.

ಖಾಸಗಿ ಮೋಟಾರುಗಳ ಮನಬಂದ ಓಟಕ್ಕೆ 1939ರ ಮೋಟಾರು ವಾಹನ ಕಾಯ್ದೆ ಪರ್ಮಿಟ್ಟಿನ ಕಡಿವಾಣ ಹಾಕಿತು. ಅದೇ ವರ್ಷ ಎರಡನೆಯ ಮಹಾಯುದ್ಧ ಶುರುವಾಯಿತು. ಪೆಟ್ರೋಲಿಗೆ ರೇಶನ್ ಬಂದಾಗ ದೇಶದ ತುಂಬ ಬಸ್ಸುಗಳ ಹಿಂಭಾಗಕ್ಕೆ ಇದ್ದಿಲಿನ ಒಲೆ ಕಟ್ಟಿ, ಅದರ ಅನಿಲದಿಂದ ಇಂಜಿನ್ ಓಡಿಸಿದರು. ಏರು ಬಂದಲ್ಲಿ ಪ್ರಯಾಣಿಕರು ಇಳಿದು ನೂಕುವುದೂ ಇತ್ತು. ಪೆಟ್ರೋಲಿನ ಹಂಗಿಲ್ಲದ ಟಾಂಗಾಕ್ಕೆ ಆ ವರ್ಷಗಳಲ್ಲಿ ಮತ್ತೆ ಬೆಲೆ ಬಂತು.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರವೇ ಬಸ್ಸು ಓಡಿಸತೊಡಗಿತು. 1948ರ ಜೂನ್ 1ರಂದು ಮುಂಬೈ ರಾಜ್ಯ ಸಾರಿಗೆಯ ಮೊದಲ ಬಸ್ಸು ಪುಣೆಯಿಂದ ಅಹಮದನಗರಕ್ಕೆ ಹೊರಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಆರಂಭವಾಯಿತು. ಸಾಂಗಲಿ, ಮಿರಜ ಸಂಸ್ಥಾನಗಳು ಮುಂಬೈ ರಾಜ್ಯದಲ್ಲಿ ಲೀನವಾಗಿ ಶಿರಹಟ್ಟಿ, ಲಕ್ಷ್ಮೇಶ್ವರಗಳ ನಡುವಿನ ಗಡಿ ಅಳಿಸಿತು. 1956ರ ನವೆಂಬರ್ 1ರಂದು ಈ ಸೀಮೆಯೆಲ್ಲ ವಿಶಾಲ ಮೈಸೂರಿಗೆ ಸೇರಿತು, 1961ರಲ್ಲಿ ಸಾರಿಗೆ ನಿಗಮ ರೂಪುಗೊಂಡಿತು. 1997ರಲ್ಲಿ ಗದಗ ಜಿಲ್ಲೆಯಾಯಿತು. ಅದೇ ವರ್ಷ ಹುಬ್ಬಳ್ಳಿಯಲ್ಲಿ ವಾಯವ್ಯ ಸಾರಿಗೆ ಸಂಸ್ಥೆಯೂ ಹುಟ್ಟಿತು. ಗದಗಿನ ನೆಲಕ್ಕೆ ಗಾಲಿಯ ವ್ಯವಹಾರ ಎಷ್ಟು ಒಗ್ಗಿತ್ತೆಂದರೆ, 1976ರಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಇದೇ ಊರಿನಲ್ಲಿ ಶುರು ಮಾಡಿದ ವಿಆರ್‌ಎಲ್ ಮುಂದೆ ದೇಶದ ದೊಡ್ಡ ಸಾರಿಗೆ ಕಂಪನಿಗಳಲ್ಲಿ ಒಂದಾಯಿತು.

ಟಾಂಗಾವನ್ನು ಬೀದಿಯಿಂದ ಸರಿಸಿದ್ದು ಅದರಷ್ಟೇ ಚಿಕ್ಕ ಗಾಡಿ. 1959ರಲ್ಲಿ ಬಜಾಜ್ ಕಂಪನಿಗೆ ಮೂರು ಗಾಲಿಯ ವಾಹನ ತಯಾರಿಸುವ ಲೈಸೆನ್ಸ್ ಸಿಕ್ಕಿತು. ಮುಂದಿನ ದಶಕಗಳಲ್ಲಿ ಆಟೋ ಜಿಲ್ಲೆಯ ಊರುಗಳಿಗೂ ಬಂತು. ಸ್ಟೇಷನ್ನಿನಿಂದ ಪೇಟೆಗೆ, ಪೇಟೆಯಿಂದ ಓಣಿಯ ಬಾಗಿಲಿಗೆ ಹೋಗುವ ಟಾಂಗಾದ ಕೆಲಸವನ್ನೇ ಅದು ಮಾಡಿತು, ಅದೂ ಬೇಗ. ಸವಾರಿ ಇಲ್ಲದ ದಿನ ಆಟೋ ಏನನ್ನೂ ತಿನ್ನುವುದಿಲ್ಲ. ಪ್ರಾಣಿದಯೆಯ 1965ರ ನಿಯಮಗಳೂ ಇದ್ದವು: ಗಾಡಿಯಲ್ಲಿ ನಾಲ್ವರಿಗಿಂತ ಹೆಚ್ಚು ಸವಾರರು ಕೂಡದು, ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು, ಉಷ್ಣಾಂಶ 37 ಡಿಗ್ರಿ ದಾಟುವ ಊರುಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಕಟ್ಟಬಾರದು. ಇವು ಕುದುರೆಗೆ ನ್ಯಾಯವಾದ ನಿಯಮಗಳೇ. ಕಾನೂನು ಅಷ್ಟು ಕಾಳಜಿ ವಹಿಸಿದ ಪ್ರಾಣಿಯ ಜೊತೆಗೇ ದುಡಿದ ಮನುಷ್ಯನಿಗೆ ಮಾತ್ರ ಬೇರೊಂದು ದಾರಿ ತೋರಿಸುವವರು ಇರಲಿಲ್ಲ. ಮೈಸೂರಿನಲ್ಲಿ, ವಿಜಯಪುರದಲ್ಲಿ ಪ್ರವಾಸಿಗರ ದೆಸೆಯಿಂದ ಟಾಂಗಾ ಹೇಗೋ ಉಳಿಯಿತು. ಗದಗಿನಲ್ಲಿ ಆ ಆಸರೆ ಇರಲಿಲ್ಲ.

ಗದಗ–ಯಲವಿಗಿ ರೈಲು ಮಾರ್ಗಕ್ಕಾಗಿ ಶಿರಹಟ್ಟಿ, ಲಕ್ಷ್ಮೇಶ್ವರದ ಜನ ದಶಕಗಳಿಂದ ಕೇಳುತ್ತಲೇ ಬಂದಿದ್ದಾರೆ. ಅದು ಬರುವವರೆಗೆ ಈ ಊರುಗಳಿಗೆ ಬಸ್ಸೇ ಗತಿ, ಹಳ್ಳಿಗಳಿಗೆ ಟಂಟಂ. ಈ ರಸ್ತೆಗಳ ಬಗ್ಗೆ ಸಾರಿಗೆ ಇಲಾಖೆಯ ಕಡತಗಳು ಹೇಳುವುದು ಪರ್ಮಿಟ್ಟು, ಬಸ್ಸುಗಳ ಲೆಕ್ಕವನ್ನಷ್ಟೇ. ತೂಕ ನೋಡಿ ಸವಾರಿ ಕೂಡಿಸಿದವರ, ಲಾಳ ಬಡಿದವರ, ಹ್ಯಾಂಡಲ್ ತಿರುವಿದ ಕ್ಲೀನರುಗಳ ಮಕ್ಕಳು ಇನ್ನೂ ಈ ಓಣಿಗಳಲ್ಲಿದ್ದಾರೆ. ಅವರ ಮಾತುಗಳನ್ನು ಬರೆದಿಡುವ ಕೆಲಸವನ್ನು ಗದಗಿನ ಕಾಲೇಜುಗಳು, ಇತಿಹಾಸದ ವಿದ್ಯಾರ್ಥಿಗಳು ಈಗಲೇ ಕೈಗೆತ್ತಿಕೊಳ್ಳಬೇಕು.