ಈದ್ ಕಳೆದ ಮೇಲಿನ ಮರುಕಳಿಕೆ: ಮದ್ಯವ್ಯಸನದ ಔಷಧಗಳ ಇತಿಹಾಸದಿಂದ

ರಮಝಾನಿನ ಉದ್ದಕ್ಕೂ ಮದ್ಯವನ್ನು ಮುಟ್ಟದೆ ತರಾವೀಹ್ ನಮಾಝಿನ ಸಾಲಿನಲ್ಲಿ ನಿಂತವನು ಈದ್ ಕಳೆದ ವಾರದಲ್ಲೇ ಮೊದಲಿಗಿಂತ ಹೆಚ್ಚು ಕುಡಿದು ಮನೆಗೆ ಮರಳುತ್ತಾನೆ. ಇಂತಹ ಮನೆಗಳು ನಮ್ಮ ಸಮುದಾಯದಲ್ಲಿ ಇಲ್ಲವೆಂದರೆ ಅದು ಸತ್ಯವಾಗದು. ಪುಟ್ಟೇನಹಳ್ಳಿಯಲ್ಲಾಗಲಿ, ಪಕ್ಕದ ಬಡಾವಣೆಗಳಲ್ಲಾಗಲಿ, ನೆರೆಯವರಿಗೆ ತಿಳಿಯಬಾರದೆಂದು ತಾಯಿಯೂ ಮಡದಿಯೂ ಮೌನ ವಹಿಸುತ್ತಾರೆ. ‘ಅವನ ಈಮಾನ್ ದುರ್ಬಲ’ ಎಂದು ತೀರ್ಪು ನೀಡಿ ನಾವು ಮುಂದೆ ಸಾಗುತ್ತೇವೆ.

ಮದ್ಯವು ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಅಲ್ ಬಕರಃ, ಅನ್ನಿಸಾ, ಅಲ್ ಮಾಇದಃ ಅಧ್ಯಾಯಗಳ ಮೂಲಕ ಅಲ್ಲಾಹನು ಅದನ್ನು ಹಂತಹಂತವಾಗಿ ನಿಷೇಧಿಸಿದನು. ಕೊನೆಯ ಆದೇಶ ಬಂದಾಗ ಮದೀನಾದ ಬೀದಿಗಳಲ್ಲಿ ಮದ್ಯ ಹರಿಯಿತು. ಆದರೂ ಅದೇ ಸಮಾಜದಲ್ಲಿ ಮತ್ತೆ ಮತ್ತೆ ಕುಡಿದು, ಮತ್ತೆ ಮತ್ತೆ ಶಿಕ್ಷೆಗೆ ಒಳಗಾದ ಅಬ್ದುಲ್ಲಾ ಎಂಬವರಿದ್ದರು. ಒಬ್ಬರು ಅವರನ್ನು ಶಪಿಸಿದಾಗ ಪ್ರವಾದಿವರ್ಯರು(ಸ) ಅದನ್ನು ತಡೆದು, ಆತ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುವವನೆಂದು ತಿಳಿಸಿದರೆಂದು ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ. ಶಿಕ್ಷೆ ರದ್ದಾಗಲಿಲ್ಲ, ಆದರೆ ಆತನ ಈಮಾನನ್ನು ಯಾರೂ ನಿರಾಕರಿಸುವಂತಿರಲಿಲ್ಲ.

ಪ್ರೀತಿಯಿದ್ದೂ ಮನುಷ್ಯ ಮತ್ತೆ ಅಲ್ಲಿಗೇ ಹೋಗುವುದೇಕೆ? ಈ ಪ್ರಶ್ನೆಗೆ ಒಂದು ಅನಿರೀಕ್ಷಿತ ಸಾಕ್ಷ್ಯ ದೊರೆತದ್ದು ಇಲಿಗಳಿಂದ. 1960ರ ದಶಕದ ಕೊನೆಯಲ್ಲಿ ಸಿಂಕ್ಲೇರ್ ಮತ್ತು ಸೆಂಟರ್ ಎಂಬ ಸಂಶೋಧಕರು ಇಲಿಗಳ ಮುಂದೆ ನೀರನ್ನೂ ಮದ್ಯ ಬೆರೆಸಿದ ನೀರನ್ನೂ ಇಟ್ಟು, ಅವು ಕುಡಿಯುವ ಪ್ರಮಾಣವನ್ನು ಅಳೆದರು. ಬಳಿಕ ಮದ್ಯವನ್ನು ಕೆಲಕಾಲ ತೆಗೆದಿಟ್ಟು ಮತ್ತೆ ಕೊಟ್ಟಾಗ ಇಲಿಗಳು ಹಿಂದಿಗಿಂತ ಹೆಚ್ಚು ಕುಡಿದವು. ಇಲಿಗೆ ಪಾಪಪ್ರಜ್ಞೆಯಿಲ್ಲ, ಕೆಟ್ಟ ಗೆಳೆಯರಿಲ್ಲ, ಈಮಾನಿನ ಪ್ರಶ್ನೆಯೂ ಇಲ್ಲ. ಆದರೂ ಮರುಕಳಿಕೆಯಿತ್ತು.

ಔಷಧದ ಕಥೆ ಇದಕ್ಕಿಂತ ಮೊದಲೇ ಆಕಸ್ಮಿಕವಾಗಿ ಆರಂಭವಾಗಿತ್ತು. ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೋಬ್ಸನ್ ಅವರು ಡೈಸಲ್ಫಿರಾಮ್ ಎಂಬ ವಸ್ತುವನ್ನು ಜಂತುಹುಳುವಿನ ಮದ್ದಾಗಿ ಪರೀಕ್ಷಿಸುತ್ತಿದ್ದರು. ಪ್ರಾಣಿಗಳಲ್ಲಿ ತೊಂದರೆ ಕಾಣಲಿಲ್ಲ. ಮೊಲಕ್ಕೆ ಮದ್ಯ ಕೊಡುವವರಾದರೂ ಯಾರು? ತಾವೇ ಮಾತ್ರೆ ನುಂಗಿ ಮದ್ಯ ಸೇವಿಸಿದಾಗ ಮುಖ ಕೆಂಪೇರಿ, ಎದೆ ಬಡಿದುಕೊಂಡು ಅಸ್ವಸ್ಥರಾದರು. ಮದ್ಯದಿಂದ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷ ಕರಗದಂತೆ ಆ ಮದ್ದು ತಡೆಯುತ್ತಿತ್ತು. 1948ರಲ್ಲಿ ಇದು ವ್ಯಸನದ ಚಿಕಿತ್ಸೆಯಾಗಿ ಪ್ರಕಟವಾಯಿತು. ಆದರೆ ಡೈಸಲ್ಫಿರಾಮ್ ಭಯವನ್ನು ಹುಟ್ಟಿಸುತ್ತದೆಯೇ ಹೊರತು ಹಂಬಲವನ್ನು ಅಳಿಸುವುದಿಲ್ಲ. ಹಂಬಲದ ಮೇಲೆ ಕೆಲಸ ಮಾಡುವ ಮದ್ದುಗಳಿಗೆ ದಾರಿ ತೋರಿದ್ದು ಪ್ರಾಣಿಪ್ರಯೋಗ. 1980ರಲ್ಲಿ ನಾಲ್‌ಟ್ರೆಕ್ಸೋನ್ ಪಡೆದ ಕೋತಿಗಳು ಮದ್ಯವನ್ನು ಕಡಿಮೆ ಪಡೆದುಕೊಂಡವು. 1994ರಲ್ಲಿ ಅಮೆರಿಕ ಅದನ್ನು ಮದ್ಯವ್ಯಸನಕ್ಕೆ ಅಂಗೀಕರಿಸಿತು. ಅಕಾಂಪ್ರೊಸೇಟ್ ಎಂಬ ಮತ್ತೊಂದು ಮದ್ದು ಇಲಿಗಳಲ್ಲಿ, ಮದ್ಯ ಮತ್ತೆ ಸಿಕ್ಕಾಗ ಏರುವ ಆ ಕುಡಿತವನ್ನೇ ತಗ್ಗಿಸಿತು. ಇಲಿಯಲ್ಲಿ ಫಲಿಸಿ ಮನುಷ್ಯನಲ್ಲಿ ಸೋತ ಮದ್ದುಗಳೂ ಇವೆ. ಉಳಿದವು ಎಲ್ಲರಿಗೂ ಒಂದೇ ತೆರನಾಗಿ ಫಲಿಸುವುದಿಲ್ಲ.

ನಮ್ಮ ಬೆಂಗಳೂರಿಗೂ ಈ ಇತಿಹಾಸದ ಅಂಚಿನಲ್ಲಿ ಒಂದು ಸ್ಥಾನವಿದೆ. ಪುಟ್ಟೇನಹಳ್ಳಿಯಿಂದ ಕೆಲವೇ ಕಿಲೋಮೀಟರ್ ದೂರದ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ 1990ರ ದಶಕದಲ್ಲಿ ದೇಸಿರಾಜು, ಶಂಕರನಾರಾಯಣ ರಾವ್, ರಾಜು ಮೊದಲಾದವರು ಇಲಿಗಳ ಮೇಲೆ ಒಂದು ಅಧ್ಯಯನ ನಡೆಸಿದರು. ಪೆಡಲ್ ಒತ್ತಿದಾಗಲೆಲ್ಲ ಇಲಿಯ ಮೆದುಳಿನ ಸುಖದ ಕೇಂದ್ರಕ್ಕೆ ಮಿದುವಾದ ವಿದ್ಯುತ್ ತಲುಪುತ್ತಿತ್ತು. ಆ ಅನುಭವದಿಂದ ನರಕೋಶಗಳ ಕವಲುಗಳೇ ಬದಲಾಗಿದ್ದವು. ಅದು ಮದ್ಯದ ಪ್ರಯೋಗವಲ್ಲ. ಆದರೆ ಸುಖದ ಅಭ್ಯಾಸವು ಮೆದುಳಿನಲ್ಲಿ ಗುರುತು ಬಿಡುತ್ತದೆಂಬುದು ಅಲ್ಲಿ ಕಣ್ಣಿಗೆ ಕಂಡಿತು. ಅದೇ ಆವರಣದಲ್ಲಿ ಇಂದು ವ್ಯಸನ ಚಿಕಿತ್ಸಾ ಕೇಂದ್ರವೂ ಇದೆ.

ಈ ಮೂಕಜೀವಿಗಳ ಬಗ್ಗೆಯೂ ಒಂದು ಮಾತು. ಬಾಯಾರಿದ ನಾಯಿಗೆ ನೀರುಣಿಸಿದವನು ಕ್ಷಮೆ ಪಡೆದನು, ಬೆಕ್ಕನ್ನು ಕೂಡಿಹಾಕಿ ಕೊಂದವಳು ಶಿಕ್ಷೆಗೆ ಗುರಿಯಾದಳು ಎಂದು ಹದೀಸ್ ಕಲಿತ ನಮಗೆ ಪಂಜರದ ಇಲಿಯ ಕಷ್ಟ ಕ್ಷುಲ್ಲಕವಲ್ಲ. ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಪ್ರಯೋಗಗಳಿಗೆ ಮೇಲ್ವಿಚಾರಣೆಯನ್ನು ವಿಧಿಸಿದೆ. ಅವುಗಳ ನೋವಿನಿಂದ ದೊರೆತ ಅರಿವನ್ನು ನಾಚಿಕೆಯ ಕಾರಣಕ್ಕೆ ಬಳಸದೆ ಬಿಡುವುದು ನಮಗೆ ಸರಿಯೆನಿಸದು.

ಕೆಲವು ಮನೆಗಳಲ್ಲಿ ಡೈಸಲ್ಫಿರಾಮನ್ನು ಗುಟ್ಟಾಗಿ ಸಾರಿನಲ್ಲಿ ಬೆರೆಸುವುದುಂಟು. ಇದು ಪ್ರಾಣಾಪಾಯದ ಕೆಲಸ. ತಿಳಿಯದೆ ಕುಡಿದರೆ ರಕ್ತದೊತ್ತಡ ಕುಸಿಯಬಹುದು, ಹೃದಯಕ್ಕೆ ಪೆಟ್ಟಾಗಬಹುದು. ಮದ್ಯಸಾರವಿರುವ ಕೆಮ್ಮಿನ ಔಷಧವೂ ಸಾಕಾಗುತ್ತದೆ. ಹಲವು ವರ್ಷಗಳಿಂದ ದಿನವೂ ಕುಡಿಯುವವನು ರಮಝಾನಿಗೆಂದು ಏಕಾಏಕಿ ನಿಲ್ಲಿಸಿದರೆ ಅಪಸ್ಮಾರ, ಭ್ರಾಂತಿ ಬರುವ ಸಾಧ್ಯತೆಯಿದೆ. ಆದ್ದರಿಂದ ವೈದ್ಯರ ಭೇಟಿ ಶಅಬಾನ್ ತಿಂಗಳಲ್ಲೇ ಆಗಲಿ. ನಾಲ್‌ಟ್ರೆಕ್ಸೋನ್ ಸಾಮಾನ್ಯವಾಗಿ ದಿನಕ್ಕೊಮ್ಮೆ, ಇಫ್ತಾರಿನ ನಂತರ ಹೊಂದಬಹುದು. ಅಕಾಂಪ್ರೊಸೇಟ್ ದಿನಕ್ಕೆ ಮೂರು ಬಾರಿ. ಉಪವಾಸದ ಹಗಲಿನಲ್ಲಿ ಆ ನಡುವಿನ ಮಾತ್ರೆಯನ್ನು ಏನು ಮಾಡಬೇಕೆಂದು ವೈದ್ಯರನ್ನೂ, ರೋಗಿಗೆ ಇರುವ ವಿನಾಯಿತಿಯ ಬಗ್ಗೆ ಆಲಿಮರನ್ನೂ ಮೊದಲೇ ಕೇಳಿಕೊಳ್ಳಬೇಕು. ಈದ್ ಮುಗಿದ ಮೇಲೂ ಆ ಮಾತ್ರೆ ನಿಲ್ಲಬಾರದು.