ಸೊಳ್ಳೆಯ ಲೆಕ್ಕ, ಪ್ಲೇಗಿನ ಲೆಕ್ಕ



ಸಮೀಕರಣಗಳನ್ನು ಬಿಡಿಸುತ್ತ ಕುಳಿತಾಗ 'ಇದರಿಂದ ಯಾರಿಗೇನು ಪ್ರಯೋಜನ?' ಎಂದು ನೀವು ಒಮ್ಮೆಯಾದರೂ ಕೇಳಿಕೊಂಡಿರಬಹುದು. ಅದಕ್ಕೊಂದು ಉತ್ತರದ ಮೂಲ ನಮ್ಮ ಬೆಂಗಳೂರಿನ ದಂಡು ಪ್ರದೇಶದಲ್ಲಿದೆ.

1883ರಲ್ಲಿ ಅಲ್ಲಿ ಸೇನಾ ವೈದ್ಯರಾಗಿದ್ದ ರೊನಾಲ್ಡ್ ರಾಸ್, ತಮ್ಮ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡರು. ತೊಟ್ಟಿಯನ್ನು ಮಗುಚಿ ಹಾಕಿದ ಮೇಲೆ ಸೊಳ್ಳೆಯ ಕಾಟ ತಗ್ಗಿತು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅವರೇ ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಗುರುತಿಸಿದರು. 1902ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು.

ಆದರೆ ಊರಿನ ಸೊಳ್ಳೆಗಳನ್ನೆಲ್ಲ ಕೊಲ್ಲಲಾದೀತೇ ಎಂಬ ಆಕ್ಷೇಪ ಉಳಿದಿತ್ತು. ರಾಸ್ ಲೆಕ್ಕ ಹಾಕಿದರು. ಸೊಳ್ಳೆ ಮೊದಲು ರೋಗಿಯನ್ನು ಕಚ್ಚಬೇಕು. ಪರೋಪಜೀವಿ ಬಲಿಯುವವರೆಗೆ ಬದುಕಿರಬೇಕು. ಅನಂತರ ಮತ್ತೊಬ್ಬರನ್ನು ಕಚ್ಚಬೇಕು. ಸೊಳ್ಳೆಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಹೊಸ ರೋಗಿಗಳಿಗಿಂತ ಗುಣವಾಗುವವರೇ ಹೆಚ್ಚಾಗುತ್ತಾರೆ. ಆಗ ರೋಗ ತಾನಾಗಿ ಅಳಿಯುತ್ತದೆ. ಸೊಳ್ಳೆಯ ವಂಶವನ್ನೇ ನಾಶ ಮಾಡಬೇಕಾಗಿಲ್ಲ!

ಈ ದಾರಿಯನ್ನು ಮುಂದುವರಿಸಿದವರು ಭಾರತದಲ್ಲಿ ಸೇವೆ ಸಲ್ಲಿಸಿದ್ದ ವೈದ್ಯ ಮೆಕೆಂಡ್ರಿಕ್ ಮತ್ತು ಪ್ರಯೋಗಾಲಯದ ಅಪಘಾತದಲ್ಲಿ ಕಣ್ಣು ಕಳೆದುಕೊಂಡ ರಸಾಯನವಿಜ್ಞಾನಿ ಕರ್ಮ್ಯಾಕ್. 1927ರ ಪ್ರಬಂಧದಲ್ಲಿ ಅವರು ಜನರನ್ನು ಮೂರು ಗುಂಪು ಮಾಡಿದರು: ಸೋಂಕು ತಗಲಬಹುದಾದವರು, ತಗಲಿದವರು, ಗುಣ ಹೊಂದಿದವರು ಅಥವಾ ಮೃತರಾದವರು. ಎಲ್ಲರಿಗೂ ರೋಗ ತಗಲುವ ಮೊದಲೇ ಪಿಡುಗು ನಿಲ್ಲುತ್ತದೆಂದು ಅವರ ಸಮೀಕರಣಗಳು ತೋರಿಸಿದವು. 1905-06ರ ಮುಂಬಯಿ ಪ್ಲೇಗಿನ ವಾರವಾರದ ಸಾವಿನ ಅಂಕಿಗಳು ಅವರ ವಕ್ರರೇಖೆಗೆ ಹೊಂದಿಕೊಂಡವು. ಆದರೂ ಪ್ಲೇಗಿನ ಹಿಂದೆ ಇಲಿ, ಚಿಗಟಗಳಿವೆ. ರೇಖೆ ಹೊಂದಿತೆಂದ ಮಾತ್ರಕ್ಕೆ ಕಾರಣವೆಲ್ಲ ತಿಳಿಯಿತೆನ್ನುವಂತಿಲ್ಲ.

ಈಗ ನೀವೇ ಒಂದು ಲೆಕ್ಕ ಮಾಡಿ. ಒಬ್ಬ ರೋಗಿ ಸರಾಸರಿ 4 ಜನರಿಗೆ ರೋಗ ಹರಡುತ್ತಾನೆಂದು ಇಟ್ಟುಕೊಳ್ಳಿ. ನಾಲ್ವರಲ್ಲಿ ಮೂವರಿಗೆ ರೋಗನಿರೋಧಕ ಶಕ್ತಿಯಿದ್ದರೆ ಸೋಂಕು ಒಬ್ಬರಿಗೆ ಮಾತ್ರ ದಾಟುತ್ತದೆ. ಆದ್ದರಿಂದ ಶೇಕಡಾ 75ಕ್ಕಿಂತ ಹೆಚ್ಚು ಜನ ಸುರಕ್ಷಿತರಾದರೆ ಪಿಡುಗು ಇಳಿಮುಖವಾಗುತ್ತದೆ. ಲಸಿಕೆ ಹಾಕಿಸಲಾಗದ ಎಳೆಗೂಸಿಗೂ ಅದರಿಂದ ರಕ್ಷಣೆ ದೊರೆಯುತ್ತದೆ. ದಡಾರದಂತೆ ಬಹು ಬೇಗ ಹರಡುವ ರೋಗಕ್ಕೆ ಈ ಮಿತಿ ಸುಮಾರು ಶೇಕಡಾ 95.

ನಿಮ್ಮ ಹಿತ್ತಿಲಿನಲ್ಲಿ ನಿಂತ ನೀರನ್ನು ಚೆಲ್ಲುವಾಗ 'ನಾನೊಬ್ಬ ಚೆಲ್ಲಿದರೆ ಏನಾದೀತು?' ಎನ್ನಿಸಿದರೆ, ರಾಸ್ ಅವರ ಆ ಮಿತಿಯನ್ನು ನೆನೆಯಿರಿ.