ಪಂಡಿತರು ಹೆಣ್ಣುಮಕ್ಕಳನ್ನು ಸ್ಕೂಲಿಗೆ ಸೇರಿಸಿದ್ದು

ನನ್ನ ಪಿಎಚ್.ಡಿ. ಕೆಲಸ ಹತ್ತೊಂಬತ್ತನೇ ಶತಮಾನದ ಹೆಣ್ಣುಮಕ್ಕಳ ಶಾಲೆಗಳ ಮೇಲೆ. ಮೈಸೂರಿನಲ್ಲಿ 1881ರಲ್ಲಿ ಅರಮನೆಯ ಆಶ್ರಯದಲ್ಲಿ ಶುರುವಾದ ಮಹಾರಾಣಿ ಶಾಲೆಯಿಂದ ಹೊರಟವಳು ಹಿಂದೆ ಹಿಂದೆ ಹೋಗುತ್ತಾ 1849ರ ಕಲ್ಕತ್ತೆಗೆ ಬಂದು ನಿಂತಿದ್ದೇನೆ. ಶಾಲೆ ಕಟ್ಟಿದವರ ಹೆಸರು ಚರಿತ್ರೆಯಲ್ಲಿ ಸುಲಭವಾಗಿ ಸಿಗುತ್ತದೆ. ನನಗೆ ಕುತೂಹಲವಿರುವುದು ಆ ಶಾಲೆಗೆ ತಮ್ಮ ಮಗಳನ್ನು ಕಳಿಸಿದವರ ಬಗ್ಗೆ. ಅವರು ಏನನ್ನು ನೋಡಿ ಒಪ್ಪಿದರು?

ಆಗಿನ ಕಲ್ಕತ್ತೆಯ ಒಬ್ಬ ತಂದೆಗೆ ಇದ್ದ ದಾರಿಗಳು ಕಡಿಮೆ. ಮೇರಿ ಆನ್ ಕುಕ್ 1821ರಲ್ಲಿ ಬಂದ ಮೇಲೆ ಮಿಷನರಿಗಳ ಹೆಣ್ಣುಮಕ್ಕಳ ಶಾಲೆಗಳು ಹುಟ್ಟಿಕೊಂಡಿದ್ದವು. ಅಲ್ಲಿಗೆ ಹೆಚ್ಚಾಗಿ ಹೋಗುತ್ತಿದ್ದವರು ಬಡವರ ಮಕ್ಕಳು, ಕಲಿಸುತ್ತಿದ್ದ ಪಾಠಗಳಲ್ಲಿ ಬೈಬಲ್ ಇತ್ತು. ಮೇಲ್ಜಾತಿಯ ಮನೆಗಳು ಅತ್ತ ತಿರುಗಿ ನೋಡಲಿಲ್ಲ. ಅನುಕೂಲಸ್ಥರು ಮನೆಯಲ್ಲೇ ಪಾಠ ಹೇಳಿಸುತ್ತಿದ್ದರು. ಉಳಿದವರ ಮನೆಯಲ್ಲಿ ಪಾಠವೇ ಇಲ್ಲ. ಅಕ್ಷರ ಕಲಿತ ಹುಡುಗಿ ಮದುವೆಯಾದ ಸ್ವಲ್ಪ ದಿನಕ್ಕೇ ವಿಧವೆಯಾಗುತ್ತಾಳೆ ಎಂಬ ನಂಬಿಕೆ ಜನರಲ್ಲಿದ್ದುದನ್ನು ವಿಲಿಯಂ ಆಡಮ್ 1830ರ ದಶಕದ ತನ್ನ ವರದಿಯಲ್ಲಿ ಬರೆದಿದ್ದಾನೆ. ಎಂಟು ಹತ್ತು ವರ್ಷಕ್ಕೆ ಮದುವೆ ಮಾಡುವ ಸಮಾಜದಲ್ಲಿ ಈ ಭಯವನ್ನು ನಕ್ಕು ತಳ್ಳಿಹಾಕುವುದು ತಾಯಂದಿರಿಗೆ ಆಗದ ಮಾತು.

ಗವರ್ನರ್ ಜನರಲ್ಲನ ಕೌನ್ಸಿಲ್ಲಿನಲ್ಲಿ ಕಾನೂನು ಸದಸ್ಯನಾಗಿದ್ದ ಡ್ರಿಂಕ್‌ವಾಟರ್ ಬೆಥೂನ್ 1849ರ ಮೇ 7ರಂದು ಖಾಸಗಿಯಾಗಿ ಒಂದು ಶಾಲೆ ತೆರೆದ. ಖರ್ಚು ಅವನದೇ. ಜಾಗ ದಕ್ಷಿಣಾರಂಜನ ಮುಖರ್ಜಿಯವರ ಮನೆ, ಬಾಡಿಗೆಯಿಲ್ಲ. ಮೊದಲ ದಿನ ಬಂದವರು 21 ಹುಡುಗಿಯರು. ಅವರಲ್ಲಿ ಭುವನಮಾಲಾ, ಕುಂದಮಾಲಾ ಎಂಬ ಅಕ್ಕತಂಗಿಯರಿದ್ದರು. ತಂದೆ ಮದನಮೋಹನ ತರ್ಕಾಲಂಕಾರ, ಸಂಸ್ಕೃತ ಕಾಲೇಜಿನ ಪಂಡಿತರು, ಈಶ್ವರಚಂದ್ರ ವಿದ್ಯಾಸಾಗರರ ಗೆಳೆಯರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಪಂಡಿತರು. ಇಂಗ್ಲಿಷ್ ಕಲಿತ ಶ್ರೀಮಂತನೊಬ್ಬ ಮಗಳನ್ನು ಕಳಿಸಿದ್ದರೆ 'ಅವನು ಮೊದಲೇ ಹಾಗೆ' ಎಂದು ಜನ ಸುಮ್ಮನಾಗುತ್ತಿದ್ದರೇನೋ. ತರ್ಕಾಲಂಕಾರರು ಊರು, ನೆಂಟರು, ಪಂಕ್ತಿಭೋಜನ ಎಲ್ಲದಕ್ಕೂ ಕಟ್ಟುಬಿದ್ದ ಬ್ರಾಹ್ಮಣ. ಅವರ ಊರಿನ ಸಮಾಜ ಅವರನ್ನು ಹೊರಗಿಟ್ಟಿತು. ಅವರು ಮಕ್ಕಳನ್ನು ಶಾಲೆ ಬಿಡಿಸಲಿಲ್ಲ. ತಾವೂ ಅಲ್ಲಿ ಸಂಬಳವಿಲ್ಲದೆ ಪಾಠ ಹೇಳಿದರು. ಓದಿಸಲು ತಕ್ಕ ಪುಸ್ತಕವಿಲ್ಲವೆಂದು 'ಶಿಶುಶಿಕ್ಷಾ' ಬರೆದರು. ಬೆಳಗಾಗುತ್ತಲೇ ಹಕ್ಕಿಗಳು ಕೂಗುವುದನ್ನು ಹೇಳುವ ಅದರೊಳಗಿನ ಪದ್ಯ ಬಂಗಾಳಿಗಳಿಗೆ ಇವತ್ತಿಗೂ ಬಾಯಿಪಾಠ. ಅದು ಹುಟ್ಟಿದ್ದು ಹೆಣ್ಣುಮಕ್ಕಳ ಶಾಲೆಗಾಗಿ ಎಂಬುದು ಅದನ್ನು ಹೇಳುವವರಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ!

ಇನ್ನು ಬಂಡಿಯ ವಿಷಯ. ಹುಡುಗಿಯರನ್ನು ಮನೆಯಿಂದ ಕರೆತರಲು ಶಾಲೆಯೇ ಮುಚ್ಚಿದ ಗಾಡಿ ಇಟ್ಟಿತ್ತು. 1850ರ ಕೊನೆಗೆ ಶಾಲೆಯ ಗೌರವ ಕಾರ್ಯದರ್ಶಿಯಾದ ವಿದ್ಯಾಸಾಗರರು ಅದರ ಪಕ್ಕಕ್ಕೆ ಒಂದು ಸಂಸ್ಕೃತ ಸಾಲು ಬರೆಸಿದರು. ಮಗಳನ್ನೂ ಹೀಗೆಯೇ ಸಾಕಬೇಕು, ಬಹು ಜತನದಿಂದ ಓದಿಸಬೇಕು ಎಂದು ಅದರ ಅರ್ಥ. ಮೂಲ ಮಹಾನಿರ್ವಾಣ ತಂತ್ರ. ರಸ್ತೆಯಲ್ಲಿ ನಿಂತು ಬೈಯುವವರ ಮುಂದೆ ಶಾಸ್ತ್ರವನ್ನೇ ಓಡಿಸುವ ಉಪಾಯ ಅದು. ನಮ್ಮಕ್ಕ ಈಗ ತನ್ನ ಮಗಳಿಗಾಗಿ ಖಾಸಗಿ ಶಾಲೆಗಳನ್ನು ನೋಡುತ್ತಿದ್ದಾಳೆ. ಹೋದಲ್ಲೆಲ್ಲ ಅವಳ ಮೊದಲ ಪ್ರಶ್ನೆ ಸಿಲಬಸ್ಸಿನದಲ್ಲ, 'ವ್ಯಾನಿನಲ್ಲಿ ಆಯಾ ಇರ್ತಾರಾ?' ಎಂಬುದು. ನಗುವಂಥದ್ದೇನಿಲ್ಲ. ಆ ಬಂಡಿ ಇಲ್ಲದಿದ್ದರೆ ಬೆಥೂನನ ಶಾಲೆ ಎಷ್ಟು ದಿನ ನಡೆಯುತ್ತಿತ್ತೋ ನನಗೆ ಅನುಮಾನ.

ಹೆತ್ತವರ ಬೇರೆ ಭಯಗಳಿಗೂ ಶಾಲೆ ಮೊದಲೇ ಉತ್ತರ ಸಿದ್ಧಮಾಡಿಕೊಂಡಿತ್ತು. ಧರ್ಮಬೋಧೆ ಇಲ್ಲ. ಪಾಠ ಬಂಗಾಳಿಯಲ್ಲಿ, ಹೆತ್ತವರು ಬಯಸಿದರೆ ಮಾತ್ರ ಇಂಗ್ಲಿಷ್. ಹೊಲಿಗೆ, ಕಸೂತಿ ಉಂಟು. ಇವೆಲ್ಲ ಜಾಣತನ ಎಂದು ಒಪ್ಪುತ್ತೇನೆ. ಕೊನೆಯ ಭರವಸೆಯೊಂದರ ಹತ್ತಿರ ಬಂದಾಗ ಮಾತ್ರ ನನ್ನ ಮೆಚ್ಚುಗೆ ತಡವರಿಸುತ್ತದೆ. ಅಲ್ಲಿ ಪ್ರವೇಶ ಮರ್ಯಾದಸ್ಥ ಹಿಂದೂ ಮನೆತನದ ಹುಡುಗಿಯರಿಗಷ್ಟೇ. ತಂದೆ ಕೇಳುವ ಮೊದಲೇ ಶಾಲೆ ಹೇಳುತ್ತಿತ್ತು: ನಿಮ್ಮ ಮಗಳ ಪಕ್ಕ ಯಾರು ಕೂರುತ್ತಾರೋ ಎಂಬ ಚಿಂತೆ ಬೇಡ. ಬೇರೆ ದಾರಿಯಿರಲಿಲ್ಲ ಎಂದು ಚರಿತ್ರಕಾರರು ಸಮರ್ಥಿಸುವುದುಂಟು. ಇರಬಹುದು. ಆದರೆ ತರ್ಕಾಲಂಕಾರರ ಮಕ್ಕಳಿಗೆ ತೆರೆದ ಬಾಗಿಲು ಬೇರೆ ಯಾರ ಮುಖದ ಮೇಲೆ ಮುಚ್ಚಿತು ಎಂಬುದೂ ಲೆಕ್ಕಕ್ಕೆ ಬರಬೇಕು.

ಬೆಥೂನ್ 1851ರ ಆಗಸ್ಟಿನಲ್ಲಿ ತೀರಿಕೊಂಡ. ಆ ವರ್ಷವೇ ದೇವೇಂದ್ರನಾಥ ಠಾಕೂರರು ಮಗಳು ಸೌದಾಮಿನಿಯನ್ನು ಸೇರಿಸಿದರು. ಖರ್ಚನ್ನು ಕೆಲವು ವರ್ಷ ಲಾರ್ಡ್ ಡಾಲ್‌ಹೌಸಿ ಕೈಯಿಂದ ಕೊಟ್ಟ. 1856ರಲ್ಲಿ ಶಾಲೆ ಸರ್ಕಾರದ್ದಾಯಿತು.

ಅದಾಗಿ ಇಪ್ಪತ್ತು ವರ್ಷದ ಮೇಲೆ ಚಂದ್ರಮುಖಿ ಬಸು ಎಂಬ ಡೆಹ್ರಾಡೂನಿನ ಹುಡುಗಿ ಕಲ್ಕತ್ತೆಗೆ ಓದಲು ಬಂದಳು. ಕ್ರಿಶ್ಚಿಯನ್ ಆದ್ದರಿಂದ ಬೆಥೂನ್ ಶಾಲೆಯಲ್ಲಿ ಅವಳಿಗೆ ಜಾಗವಿರಲಿಲ್ಲ. ಬೇರೆ ಕಡೆ ಓದಿದಳು. ಬೆಥೂನ್ ಶಾಲೆಯ ಕಾದಂಬಿನಿ ಬಸು 1878ರಲ್ಲಿ ಎಂಟ್ರೆನ್ಸ್ ಪಾಸಾದ ಮೇಲೆ ಅಲ್ಲಿಯೇ ಕಾಲೇಜು ತರಗತಿಗಳು ಶುರುವಾದವು. ಪದವಿಯ ಹಂತಕ್ಕೆ ಬರುವಾಗ ನಿಯಮ ಸಡಿಲವಾಯಿತು, ಚಂದ್ರಮುಖಿ ಒಳಗೆ ಬಂದಳು. ಇಬ್ಬರೂ ಒಟ್ಟಿಗೇ ಬಿ.ಎ. ಮುಗಿಸಿದರು. ಚಂದ್ರಮುಖಿ 1884ರಲ್ಲಿ ಎಂ.ಎ. ಕೂಡ ಮಾಡಿ, ಬೆಥೂನಿನಲ್ಲೇ ಪಾಠ ಹೇಳಲು ಸೇರಿ, ಮುಂದೆ ಆ ಕಾಲೇಜಿನ ಪ್ರಿನ್ಸಿಪಾಲರಾದರು.